ಪುಸ್ತಕದ ಹುಳುವಿಗೆ ಬೇಸಿಗೆ ಶಿಬಿರ ಬೇಕಾ?

ಪರ

ಕಳಿಸಿ. ಓದುವ ಮಗುವಿಗೆ ಶಾಲೆಯಲ್ಲಿ ಸುಲಭಕ್ಕೆ ಸಿಗದಿರುವುದು ತನ್ನಂಥ ಇನ್ನೊಂದು ಮಗು. ವಿಜಯಪುರದ ಯಾವ ತರಗತಿಯಲ್ಲೂ ಇಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಉತ್ತರ ಗೊತ್ತು, ಕೈ ಅರ್ಧ ಎತ್ತುತ್ತಾನೆ. ಹಿಂದಿನ ಬೆಂಚಿನಿಂದ 'ಬಂದ ನೋಡ್ರಿ ಪಂಡಿತ' ಅಂತ ಕೇಳಿದ ಕೂಡಲೇ ಇಳಿಸಿಬಿಡುತ್ತಾನೆ. ಶಿಬಿರದಲ್ಲಿ ಮಾರ್ಕ್ಸ್ ಇಲ್ಲ, ರ‍್ಯಾಂಕ್ ಇಲ್ಲ. ಅವನ ಅಡ್ಡಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ.

ಗೋಳಗುಮ್ಮಟವನ್ನೇ ತಗೊಳ್ಳಿ. 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಇದೆಲ್ಲ ಅವನಿಗೆ ಬಾಯಿಪಾಠ. ಆದರೆ ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ, ಎದುರು ಗೋಡೆಗೆ ಕಿವಿಯಿಟ್ಟವರಿಗೆ ಅದು ಕೇಳುತ್ತದೆ. ಇದನ್ನು ಒಬ್ಬನೇ ಮಾಡಿ ನೋಡಲು ಆಗುವುದಿಲ್ಲ. ದನಿ ಬಾಗಿದ ಗೋಡೆಯ ಗುಂಟ ಸಾಗುತ್ತದೆ ಎಂದು ಅವನು ವಿವರಿಸುವಾಗ 'ಹಂಗಾರ ಇನ್ನೊಮ್ಮೆ ಮಾಡೂಣು' ಅನ್ನುವ ಗೆಳೆಯ ಸಿಕ್ಕರೆ ಸಾಕು, ತನ್ನ ಓದನ್ನು ಮುಚ್ಚಿಡುವುದು ಅವನಿಗೆ ಮರೆತೇ ಹೋಗುತ್ತದೆ.

ವಿರೋಧ

ಅಂಥ ಶಿಬಿರ ಎಲ್ಲಿದೆ ಹೇಳಿ. ಏಪ್ರಿಲ್ ಬಂತೆಂದರೆ ಗೋಡೆಗೆ ಅಂಟುವ ಪೋಸ್ಟರ್‌ಗಳಲ್ಲಿ ಜಾಸ್ತಿ ಕಾಣುವುದು ಡ್ಯಾನ್ಸ್, ಕರಾಟೆ, ವ್ಯಕ್ತಿತ್ವ ವಿಕಸನ. ಕೊನೆಯ ದಿನ ಸ್ಟೇಜ್ ಮೇಲೆ ಕುಣಿತ. ಹಿಂದಿನ ಸಾಲಿನಲ್ಲಿ ಒಬ್ಬಳು ತುಟಿಯಲ್ಲೇ ಒಂದು, ಎರಡು ಎಣಿಸುತ್ತ, ಪಕ್ಕದವಳ ಕಾಲು ನೋಡಿಕೊಂಡು ಹೆಜ್ಜೆ ಹಾಕುತ್ತಿರುತ್ತಾಳೆ. ಕೆಳಗೆ ಅಮ್ಮ ಮೊಬೈಲ್ ಎತ್ತಿ ಹಿಡಿದಿರುತ್ತಾರೆ.

ಇದಕ್ಕಿಂತ ನೋಯಿಸುವುದು ಕಳಿಸುವಾಗ ಆಡುವ ಮಾತು. 'ಬರೇ ಪುಸ್ತಕ ಹಿಡ್ಕೊಂಡು ಕೂಡ್ತಾಳ್ರಿ, ಒಂಚೂರು ಚುರುಕಾಗ್ಲಿ.' ಅದು ಮಗಳಿಗೂ ಕೇಳಿಸುತ್ತದೆ ಅಲ್ವಾ? ನನ್ನನ್ನು ರಿಪೇರಿಗೆ ಬಿಡುತ್ತಿದ್ದಾರೆ ಎಂದು ಅವಳಿಗೆ ಅನಿಸದೇ ಇರುತ್ತದಾ? ಮನೆಯವರೇ ಒಪ್ಪದ ಗುಣವನ್ನು ಹತ್ತು ವರ್ಷದ ಹುಡುಗಿ ತಾನಾಗಿ ಒಪ್ಪಿಕೊಳ್ಳಲಿ ಎಂದರೆ ಹೇಗೆ?

ಪಿಸುಮಾತಿಗೆ ಇನ್ನೊಬ್ಬರು ಬೇಕು, ನಿಜ. ಬೆಳಗ್ಗೆ ಬೇಗ, ಗದ್ದಲ ಶುರುವಾಗುವ ಮುಂಚೆ ಹೋಗಿ, ಅಪ್ಪನೇ ಎದುರು ಗೋಡೆಗೆ ಕಿವಿಯಿಟ್ಟು ನಿಲ್ಲಲಿ. ಶಿಬಿರದ ಫೀ ಉಳಿದರೆ ಬಾದಾಮಿಗೂ ಹೋಗಿ ಬರಬಹುದು. ಅಲ್ಲಿ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಲೇಶ ಕೆತ್ತಿಸಿದ 578ರ ಶಾಸನ ಇದೆ. ಅದರ ಮುಂದೆ ಮಗಳು ಎಷ್ಟು ಹೊತ್ತು ನಿಲ್ಲುತ್ತಾಳೋ ನಿಲ್ಲಲಿ. 'ಸಾಕು ನಡಿ, ಬಸ್ ತಪ್ತದ' ಅನ್ನಬೇಡಿ. ಮುಂದಿನ ಬಸ್‌ಗೆ ಹೋದರಾಯಿತು.