ಸಂತರು ಕೆಲವರು ಮಾತ್ರವಾ, ನಂಬಿದವರೆಲ್ಲರೂನಾ? ಪರ-ವಿರೋಧ

ಪ್ರಶ್ನೆ ಇಷ್ಟೇ. ಕೋಟ್ಯಂತರ ಕ್ರೈಸ್ತರ ನಡುವಿನಿಂದ ಕೆಲವರನ್ನು ಆರಿಸಿ "ಇವರು ಸಂತರು" ಅಂತ ಚರ್ಚ್ ಘೋಷಿಸುವುದು ಸರಿಯಾ? ಎರಡೂ ಕಡೆಯ ವಾದವನ್ನು ನಾನೇ ಮಾಡುತ್ತೇನೆ. ನನ್ನ ಒಲವು ಯಾವ ಕಡೆ ಅಂತ ಮುಚ್ಚಿಡಲು ಹೋಗುವುದಿಲ್ಲ, ಹೇಗೂ ಗೊತ್ತಾಗಿಬಿಡುತ್ತದೆ.

ಪರ: ಹೆಸರು ಹಿಡಿದು ಕರೆಯಬೇಕು

ಪೋಪ್ ಸಹಿ ಹಾಕಿದ ದಿನ ಒಬ್ಬರು ಸಂತರಾಗುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಥೋಲಿಕ ನಂಬಿಕೆಯ ಪ್ರಕಾರ ಸ್ವರ್ಗದಲ್ಲಿ ದೇವರ ಜೊತೆ ಇರುವವರೆಲ್ಲರೂ ಸಂತರೇ. ಅವರಲ್ಲಿ ಹೆಚ್ಚಿನವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅವರನ್ನೂ ಸೇರಿಸಿಕೊಂಡೇ ನವೆಂಬರ್ 1ರಂದು ಸಕಲ ಸಂತರ ಹಬ್ಬ ಮಾಡುತ್ತಾರೆ. ಘೋಷಣೆಯ ಅರ್ಥ, ಇಂಥವರು ಅಲ್ಲಿದ್ದಾರೆ ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ, ಧೈರ್ಯವಾಗಿ ಅವರ ಹೆಸರು ಹೇಳಿ ಅಂತ.

ಹೆಸರು ಯಾಕೆ ಬೇಕು? ಇನ್ನೊಬ್ಬರಿಗಾಗಿ ಪ್ರಾಣ ಕೊಡುವುದೇ ದೊಡ್ಡ ಪ್ರೀತಿ ಅಂತ ಎಷ್ಟು ಸಲ ಕೇಳಿದರೂ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತದೆ. ಈಗ ಇದನ್ನು ಕೇಳಿ. 1941ರ ಜುಲೈ ಕೊನೆಗೆ ನಾಜಿಗಳ ಆಶ್ವಿಟ್ಜ್ ಶಿಬಿರದಿಂದ ಒಬ್ಬ ಕೈದಿ ತಪ್ಪಿಸಿಕೊಂಡ ಅಂತ, ಅದಕ್ಕೆ ಶಿಕ್ಷೆಯಾಗಿ 10 ಜನರನ್ನು ಹಸಿವಿನಿಂದ ಸಾಯಿಸಲು ಆರಿಸಿದರು. ಅವರಲ್ಲಿ ಒಬ್ಬ, ಫ್ರಾನ್ಸಿಶೆಕ್ ಗಾಯೊವ್ನಿಚೆಕ್, ಹೆಂಡತಿ ಮಕ್ಕಳನ್ನು ನೆನೆದು ಅತ್ತುಬಿಟ್ಟ. ಆಗ ಸಾಲಿನಲ್ಲಿದ್ದ ಮ್ಯಾಕ್ಸಿಮಿಲಿಯನ್ ಕೋಲ್ಬೆ ಅನ್ನುವ ಪಾದ್ರಿ ಮುಂದೆ ಬಂದು, ಅವನ ಬದಲು ನಾನು ಹೋಗುತ್ತೇನೆ ಅಂದರು. ಎರಡು ವಾರ ಕಳೆದರೂ ಅವರಲ್ಲಿ ಇನ್ನೂ ಜೀವ ಇತ್ತು. ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಕೊಂದರು. 1982ರಲ್ಲಿ ರೋಮಿನಲ್ಲಿ ಕೋಲ್ಬೆಯವರನ್ನು ಸಂತ ಅಂತ ಘೋಷಿಸಿದಾಗ ಆ ಗಾಯೊವ್ನಿಚೆಕ್ ಅಲ್ಲೇ ಇದ್ದರು, ಎಂಬತ್ತು ದಾಟಿದ ಮುದುಕರಾಗಿ.

ಇಂಥ ಕಥೆ ಕೇಳಿದರೆ ಭಯವೂ ಆಗುತ್ತದೆ, ನಮ್ಮಿಂದ ಇದೆಲ್ಲ ಆಗುವ ಮಾತಾ ಅಂತ. ಅದಕ್ಕೇ ಪಟ್ಟಿಯಲ್ಲಿ ಲಿಸ್ಯೂವಿನ ತೆರೇಸ್ ಕೂಡ ಇದ್ದಾರೆ. ಫ್ರಾನ್ಸಿನ ಒಂದು ಮಠದೊಳಗೇ ಇದ್ದು, 1897ರಲ್ಲಿ, ಬರೀ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡವರು. ಹೊರಗಿನಿಂದ ನೋಡಿದರೆ ಏನೂ ನಡೆಯದ ಬದುಕು. ಕರವಸ್ತ್ರ ಒಗೆಯುವಾಗ ಎದುರಿಗಿದ್ದ ಸಿಸ್ಟರ್ ಒಬ್ಬರು ಬಟ್ಟೆ ಎತ್ತಿದಾಗಲೆಲ್ಲ ಕೊಳೆ ನೀರು ಇವರ ಮುಖಕ್ಕೆ ಹಾರುತ್ತಿತ್ತು. ಹಿಂದೆ ಸರಿದು ಮುಖ ಒರೆಸಿಕೊಳ್ಳಬೇಕು, ಅವಳಿಗೂ ಗೊತ್ತಾಗಲಿ ಅಂತ ಮೊದಲು ಅನ್ನಿಸಿತಂತೆ. ನಮಗೂ ಹಾಗೇ ಅನ್ನಿಸುತ್ತಿತ್ತು, ಅಲ್ವಾ? ಆದರೆ ಅವರು ಸುಮ್ನೆ ನಿಂತರು. ಸಿಟ್ಟನ್ನು ಮುಖದಲ್ಲಿ ತೋರಿಸಲಿಲ್ಲ. ಕೊನೆಕೊನೆಗೆ ಆ ನೀರು ಹಾರುವುದೇ ಇಷ್ಟವಾಗತೊಡಗಿತು ಅಂತ ಅವರೇ ಬರೆದಿಟ್ಟಿದ್ದಾರೆ. ಚರ್ಚ್ 1925ರಲ್ಲಿ ಅವರನ್ನು ಸಂತರೆಂದು ಘೋಷಿಸಿದ್ದು ಇಂಥ ಬದುಕನ್ನು ನೋಡಿ. ನನ್ನ ಮಟ್ಟಿಗೆ ಪರ ವಾದದ ಜೀವ ಇರುವುದು ಈ ಬಟ್ಟೆ ಒಗೆಯುವ ಜಾಗದಲ್ಲಿ.

ಇನ್ನು ತನಿಖೆಯ ವಿಷಯ. ಸತ್ತು 5 ವರ್ಷ ಆಗಬೇಕು (ಪೋಪ್ ಬೇಕೆಂದರೆ ಇದನ್ನು ಸಡಿಲಿಸಬಹುದು), ಬದುಕನ್ನೆಲ್ಲ ಕೆದಕಬೇಕು, ಬರೆದ ಕಾಗದ ಪತ್ರ ಓದಬೇಕು. 'ಪುನೀತ' ಅನ್ನಿಸಿಕೊಳ್ಳಲು ಒಂದು ಪವಾಡ, 'ಸಂತ' ಅನ್ನಿಸಿಕೊಳ್ಳಲು ಇನ್ನೊಂದು. ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳಿಗೆ ಮೊದಲನೆಯದು ಬೇಡ. ಈ ಪವಾಡದ ಲೆಕ್ಕ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಆದರೆ ತನಿಖೆಯೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಲಿಯೋನ್ ಹತ್ತಿರದ ಸಂತ ಗಿನ್‌ಫೋರ್ ಇದ್ದಾರೆ. 13ನೇ ಶತಮಾನದಲ್ಲಿ ತಾಯಂದಿರು ಕಾಯಿಲೆಯ ಕೂಸುಗಳನ್ನು ಅವರ ಸಮಾಧಿಗೆ ಹೊತ್ತು ತರುತ್ತಿದ್ದರು. ಸ್ಟೀಫನ್ ಅನ್ನುವ ಪಾದ್ರಿ ವಿಚಾರಿಸಿ ನೋಡಿದರೆ, ಆ ಸಂತ ಒಂದು ಬೇಟೆನಾಯಿ! ತೊಟ್ಟಿಲ ಮಗುವನ್ನು ಹಾವಿನಿಂದ ಉಳಿಸಿದ ನಾಯಿ, ಬಾಯಲ್ಲಿ ರಕ್ತ ಕಂಡು ತಪ್ಪು ತಿಳಿದ ಯಜಮಾನ, ಕತ್ತಿ. ಹೌದು, ಪಂಚತಂತ್ರದ ಮುಂಗುಸಿಯ ಕಥೆಯೇ.

ಸಂತರನ್ನು ಬೇಡಿಕೊಳ್ಳುವುದು ವಿಗ್ರಹಾರಾಧನೆ ಅನ್ನುವ ಆರೋಪಕ್ಕೆ ಉತ್ತರ ಹಳೆಯದೇ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ ಅಂತ 787ರ ನೈಸಿಯಾ ಮಹಾಸಭೆಯಲ್ಲೇ ಗೆರೆ ಎಳೆದಾಗಿದೆ. "ನನಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಪ್ಪ" ಅಂತ ಗೆಳೆಯನಿಗೆ ಹೇಳುತ್ತೇವೆ. ಅವನು ಸತ್ತು ದೇವರ ಹತ್ತಿರ ಹೋದ ಮೇಲೆ ಹೇಳಬಾರದು ಅಂದರೆ, ಸಾವು ಕ್ರಿಸ್ತನಿಗಿಂತ ದೊಡ್ಡದು ಅಂತ ಒಪ್ಪಿಕೊಂಡ ಹಾಗಾಗುತ್ತದೆ.

ವಿರೋಧ: ಆ ಪದ ಎಲ್ಲರದಾಗಿತ್ತು

ನಾಯಿಯ ಕಥೆಗೆ ನಾನೂ ನಕ್ಕೆ. ಆದರೆ ಬೈಬಲನ್ನೇ ತೆರೆದು ನೋಡೋಣ. ಮೊದಲ ಶತಮಾನದಲ್ಲಿ ಊರೂರಿಗೆ ಯೇಸುವಿನ ಸುದ್ದಿ ಸಾರಿದ ಪೌಲ, ತನ್ನ ಪತ್ರಗಳಲ್ಲಿ ಬಳಸುವ ಗ್ರೀಕ್ ಪದ 'ಹಾಗಿಯೋಯ್'. ಇಂಗ್ಲಿಷಿನವರು ಅದನ್ನು 'ಸೇಂಟ್ಸ್' ಅಂತ ಮಾಡಿದರು, ಕನ್ನಡದಲ್ಲಿ ನಾವು 'ದೇವಜನರು' ಅಂತ ಓದುತ್ತೇವೆ. ಮೂಲದಲ್ಲಿ ಅದರ ಅರ್ಥ ದೇವರಿಗೆ ಮುಡಿಪಾದವರು ಅಂತ. ಮುಡಿಪಾಗಿ ಎತ್ತಿಟ್ಟ ನಾಣ್ಯ ಬೇರೆ ನಾಣ್ಯಗಳಿಗಿಂತ ಜಾಸ್ತಿ ಹೊಳೆಯುವುದಿಲ್ಲ. ಅದು ಯಾರ ಪಾಲಿನದು ಅನ್ನುವುದಷ್ಟೇ ಬೇರೆ.

ಇದು ಎಷ್ಟು ನಿಜ ಅನ್ನುವುದಕ್ಕೆ ಪೌಲ ಪತ್ರ ಬರೆದ ಕೊರಿಂಥ ಊರಿನ ಕ್ರೈಸ್ತರನ್ನು ನೋಡಿ. ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಅಂತ ಪಂಗಡ ಕಟ್ಟಿಕೊಂಡಿದ್ದಾರೆ. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದಾರೆ. ಒಬ್ಬ ತನ್ನ ಅಪ್ಪನ ಹೆಂಡತಿಯನ್ನೇ ಇಟ್ಟುಕೊಂಡಿದ್ದಾನೆ. ಪ್ರಭುವಿನ ಭೋಜನಕ್ಕೆ ಸೇರಿದರೆ ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಪೌಲ ಅವರಿಗೆ ಚೆನ್ನಾಗಿಯೇ ಬೈಯುತ್ತಾನೆ. ಆದರೆ ಆ ಪತ್ರದ ಶುರುವಿನಲ್ಲಿ ಅವರನ್ನು ಕರೆಯುವುದು ಏನಂತ? ಇದೇ ಪದದಿಂದ. ಮೇಲೆ ಹೇಳಿದಂಥ ತನಿಖೆ ನಡೆದಿದ್ದರೆ ಇವರಲ್ಲಿ ಒಬ್ಬರೂ ಮೊದಲ ಹಂತ ದಾಟುತ್ತಿರಲಿಲ್ಲ.

ಹಾಗಾದರೆ ಪದ ಕೈಬಿಟ್ಟಿದ್ದು ಯಾವಾಗ? ನಿಧಾನವಾಗಿ. 2ನೇ ಶತಮಾನದಲ್ಲಿ ಸ್ಮಿರ್ನಾ ಊರಿನ ಬಿಷಪ್ ಪಾಲಿಕಾರ್ಪರನ್ನು ನಂಬಿಕೆಗಾಗಿ ಸುಟ್ಟ ಮೇಲೆ ಅವರ ಜನ ಮೂಳೆಗಳನ್ನು ಆಯ್ದುಕೊಂಡು, ಪ್ರತಿ ವರ್ಷ ಆ ದಿನ ಸೇರತೊಡಗಿದರು. ಅದು ಪ್ರೀತಿ, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ 993ರಲ್ಲಿ ಪೋಪ್ 15ನೇ ಜಾನ್ ಔಗ್ಸ್‌ಬರ್ಗಿನ ಉಲ್ರಿಚರನ್ನು ಸಂತರೆಂದು ಘೋಷಿಸುತ್ತಾರೆ, 1234ರ ಹೊತ್ತಿಗೆ ಆ ಅಧಿಕಾರ ಪೋಪರಿಗೆ ಮಾತ್ರ ಅಂತ ಕಾನೂನಾಗುತ್ತದೆ. ಅಲ್ಲಿಗೆ ನೆಲದ ಮೇಲಿದ್ದ ಪದ ಅಟ್ಟ ಸೇರಿತು.

ತನಿಖೆ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಫ್ರಾನ್ಸಿಗಾಗಿ ಯುದ್ಧಕ್ಕಿಳಿದ ಜೋನ್ ಆಫ್ ಆರ್ಕ್‌ಗೆ 1431ರಲ್ಲಿ ಧರ್ಮದ್ರೋಹಿ ಅಂತ ತೀರ್ಪು ಕೊಟ್ಟಿದ್ದು ಚರ್ಚಿನದೇ ನ್ಯಾಯಾಲಯ. 1456ರಲ್ಲಿ ತೀರ್ಪು ರದ್ದಾಯಿತು, 1920ರಲ್ಲಿ ಸಂತಳು ಅಂತ ಘೋಷಣೆಯಾಯಿತು. ತಪ್ಪು ತಿದ್ದಿಕೊಂಡರಲ್ಲ ಅಂತೀರಿ. ಸರಿ, ಆದರೆ ಆ ಹುಡುಗಿ ದೇವರಿಗೆ ಮುಡಿಪಾಗಿದ್ದದ್ದು ಬೆಂಕಿಗೆ ಬಿದ್ದ ದಿನವೂ ಅಷ್ಟೇ ನಿಜ, ಐದು ಶತಮಾನ ಕಾದು ಹೇಳುವ ಅಗತ್ಯ ಯಾರಿಗಿತ್ತು? ಇನ್ನು ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು ಸಿಡಿದೆದ್ದ ವಿಟೆನ್‌ಬರ್ಗ್ ಊರಿಗೆ ಬನ್ನಿ. ಅಲ್ಲಿಯ ಸಕಲ ಸಂತರ ಚರ್ಚಿನಲ್ಲಿ ಊರಿನ ದೊರೆ ಕೂಡಿಸಿದ, ಸಂತರ ಮೂಳೆಯಂಥ ಅವಶೇಷಗಳು ಅದಾಗಿ ಮೂರು ವರ್ಷಕ್ಕೆ 19,000 ದಾಟಿದ್ದವು. ಅವುಗಳನ್ನು ನೋಡಿ ಕಾಣಿಕೆ ಕೊಟ್ಟರೆ ಸ್ವರ್ಗಕ್ಕೆ ಹೋಗುವ ಮೊದಲು ಪಾಪ ತೊಳೆಯುವ ಶುದ್ಧೀಕರಣ ಸ್ಥಳದ ಶಿಕ್ಷೆಯಲ್ಲಿ ಇಷ್ಟು ವರ್ಷ ಕಡಿತ ಅಂತ ಲೆಕ್ಕ ಬೇರೆ. ಇದು ಅನುಮತಿ ಪಡೆದೇ ನಡೆದದ್ದು. ಪಾಪ, ಆ ನಾಯಿ ಯಾರ ಹತ್ತಿರವೂ ಲೆಕ್ಕ ಕೇಳಿರಲಿಲ್ಲ.

ಪ್ರಾಟೆಸ್ಟೆಂಟರು ಸಂತರನ್ನು ಅಳಿಸಿಹಾಕಿದರು ಅನ್ನುವುದು ಮಾತ್ರ ಸುಳ್ಳು. ಲೂಥರನ ಕಡೆಯವರು ತಮ್ಮ ನಂಬಿಕೆ ಏನಂತ ಬರೆದುಕೊಟ್ಟ 1530ರ ಔಗ್ಸ್‌ಬರ್ಗ್ ಅರಿಕೆ ಹೇಳುವುದು, ಅವರನ್ನು ನೆನೆಯಿರಿ, ಅವರ ನಂಬಿಕೆ ನೋಡಿ ಕಲಿಯಿರಿ, ಆದರೆ ಅವರನ್ನು ಬೇಡಬೇಡಿ ಅಂತ. ಮಧ್ಯಸ್ಥ ಒಬ್ಬನೇ, ಕ್ರಿಸ್ತ.

ಪಟ್ಟಿಗೆ ಸೇರುವವರು ಯಾರು ಅಂತಲೂ ಕೇಳಬೇಕು. ಪಾದ್ರಿಗಳು, ಕನ್ಯಾಸ್ತ್ರೀಯರು, ಬಿಷಪ್‌ಗಳು, ಸಂಸ್ಥೆ ಕಟ್ಟಿದವರು. ದಶಕಗಟ್ಟಲೆ ಕಡತ ಹೊತ್ತು ಓಡಾಡಲು ಹಿಂದೆ ಒಂದು ಮಠ ಇರಬೇಕಲ್ಲ. ಗಂಡ ಹೆಂಡತಿ ಜೋಡಿಯಾಗಿ, ಒಂದೇ ದಿನ ಸಂತರಾದದ್ದು ಮೊದಲ ಸಲ 2015ರಲ್ಲಿ. ಅವರು ಬೇರೆ ಯಾರೂ ಅಲ್ಲ, ಮೇಲೆ ಹೇಳಿದ ತೆರೇಸ್‌ ಅವರ ಅಪ್ಪ ಅಮ್ಮ, ಲೂಯಿ ಮತ್ತು ಝೆಲಿ. ಮಗಳಿಗಿಂತ 90 ವರ್ಷ ತಡ!

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. "ಅವರಿಗೇನಪ್ಪ, ಅವರು ಸಂತರು" ಅನ್ನುವ ಮಾತು. ಒಬ್ಬರನ್ನು ಎತ್ತರದಲ್ಲಿ ಕೂರಿಸಿ, ದೀಪ ಹಚ್ಚಿ, ಅವರು ಮಾಡಿದ್ದನ್ನು ನಾವು ಮಾಡದೆ ಇರಲು ಅದನ್ನೇ ನೆಪ ಮಾಡಿಕೊಳ್ಳುತ್ತೇವೆ. ಪವಿತ್ರತೆಯ ಕರೆ ಎಲ್ಲರಿಗೂ ಅಂತ 1964ರಲ್ಲಿ ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಸಭೆಯೂ ಬರೆಯಿತು. ಕಾಗದದ ಮೇಲೆ ಜಗಳ ಮುಗಿದ ಹಾಗೇ. ಬಾಯಿಮಾತು ಮಾತ್ರ ಬದಲಾಗಿಲ್ಲ.

ತೆರೇಸ್‌ ಅವರನ್ನು ಬಿಟ್ಟುಕೊಡಲು ನನಗೂ ಮನಸ್ಸಿಲ್ಲ, ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ. ಪೌಲ ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರದ ಕೊನೆಯಲ್ಲಿ ಒಂದು ಸಾಲಿದೆ. ದೇವಜನರೆಲ್ಲರೂ ನಿಮಗೆ ವಂದನೆ ಹೇಳುತ್ತಾರೆ, ಅದರಲ್ಲೂ ಕೈಸರನ ಮನೆಗೆ ಸೇರಿದವರು ಅಂತ. ಕೈಸರ ಅಂದರೆ ರೋಮಿನ ಚಕ್ರವರ್ತಿ. ಅವನ ಮನೆಯವರು ಅಂದರೆ ಬಹುಶಃ ಗುಲಾಮರು, ಅಡುಗೆಯವರು, ಲೆಕ್ಕ ಬರೆಯುವವರು. ಪೌಲ ಒಬ್ಬರ ಹೆಸರನ್ನೂ ಬರೆದಿಲ್ಲ. ಆ ಪದ ಮಾತ್ರ ಬರೆದಿದ್ದಾನೆ.