ಕಿಡ್ನಿ ಹೋಯ್ತು ಅಂತ ಅಷ್ಟು ಬೇಗ ಹೇಳಬೇಡಿ

ನಿಮ್ಮ ಲೇಖನದಲ್ಲಿ, ಕೀಟೋಅಸಿಡೋಸಿಸ್ (ಇನ್ಸುಲಿನ್ ತೀರಾ ಕಮ್ಮಿಯಾಗಿ ಶುಗರ್ ಇದ್ದವರ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ) ಆದವರ ಕಿಡ್ನಿ ಕೈಕೊಟ್ಟರೆ ಅದು ವರ್ಷಗಟ್ಟಲೆ ಶುಗರ್ ಮಾಡಿದ ಹಾನಿ, ವಾಪಸ್ ಬರಲ್ಲ ಅಂತ ಬರೆದಿದ್ದೀರಿ. ಇದನ್ನು ಒಪ್ಪೋಕಾಗಲ್ಲ. ಶುಗರ್ ಇದೆ ಅಂತ ಗೊತ್ತಾದ ದಿನವೇ ಈ ಸ್ಥಿತಿಯಲ್ಲಿ ಬರುವ ಮಕ್ಕಳಿಗೂ ಕಿಡ್ನಿ ತೊಂದರೆ ಆಗುತ್ತದೆ. ಅವರಿಗೆ ಎಲ್ಲಿಯ ವರ್ಷಗಟ್ಟಲೆ?

ನಾನು ಕಲಬುರಗಿಯಲ್ಲಿ ವಾರ್ಡ್ ನರ್ಸ್. ಹೆಚ್ಚಿನವರಲ್ಲಿ ಮೊದಲ ಕಾರಣ ಮೈಯಲ್ಲಿ ನೀರು ಬತ್ತಿರುವುದು. ಸಕ್ಕರೆ ಏರಿದಾಗ ಮೂತ್ರದ ಜೊತೆ ನೀರು, ಉಪ್ಪು ಎರಡೂ ಹೋಗುತ್ತವೆ, ಅದರ ಮೇಲೆ ವಾಂತಿ. ದೊಡ್ಡವರಲ್ಲಿ ಈ ಕೊರತೆ 5-6 ಲೀಟರ್ ಆಗಬಹುದು. ನಮ್ಮ ಕಡೆ ಬೇಸಿಗೆಯ ಬಿಸಿಲು ಬೇರೆ. ಕಿಡ್ನಿಗೆ ರಕ್ತವೇ ಸರಿಯಾಗಿ ಹೋಗದಿದ್ದರೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಏರದೆ ಇರುತ್ತಾ?

ಯಾದಗಿರಿ ಕಡೆಯ ಒಬ್ಬ ಹುಡುಗಿ ಬಂದಾಗ ತುಟಿ ಬಿರಿದಿತ್ತು, ಉಸಿರು ಜೋರಾಗಿ ಎಳೀತಿದ್ದಳು. ಮೂತ್ರದ ಚೀಲದಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ ನೋಡಿಕೊಂಡು ಚಿಕಿತ್ಸೆ ನಡೀತು. ಮನೆಗೆ ಹೋಗುವಾಗ ಕ್ರಿಯಾಟಿನಿನ್ ನಾರ್ಮಲ್. ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತೆ, ನಿಜ. ತಡವಾಗಿ ಬಂದವರಿಗೆ, ಹೊಟ್ಟೆನೋವು ಅಂತ ಊರಲ್ಲಿ ಡೈಕ್ಲೋಫೆನಾಕ್ ಅನ್ನೋ ನೋವಿನ ಸೂಜಿ ಹಾಕಿಸಿಕೊಂಡು ಬಂದವರಿಗೆ ಅಪಾಯ ಜಾಸ್ತಿ. ಆ ಸೂಜಿ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ದಯವಿಟ್ಟು ‘ವಾಪಸ್ ಬರಲ್ಲ’ ಅನ್ನೋದನ್ನು ತಿದ್ದಿ. ಇಂಥ ಮಾತು ಕೇಳಿ ಹೆದರಿ, ಇನ್ನು ಖರ್ಚು ಮಾಡಿ ಏನು ಪ್ರಯೋಜನ ಅಂತ ಪೇಶಂಟ್‌ನ ಮನೆಗೆ ಕರೆದುಕೊಂಡು ಹೋಗುವವರಿದ್ದಾರೆ.