ಎರಡನೇ ಸ್ನಾನದವರ ಪಾಡು

‘ಸ್ವಿಚ್ ಹಾಕಿ ಇಷ್ಟು ಹೊತ್ತಾಯ್ತು, ಇನ್ನೂ ಬಿಸಿ ಆಗಿಲ್ವಾ?’ ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತವರ ಈ ಪ್ರಶ್ನೆಗೆ ಈ ಸಲ ಬಿಡುವೇ ಸಿಕ್ಕಿಲ್ಲ. ಚಳಿ ಹೋಯಿತೆಂದು ಸ್ವೆಟರ್ ಮಡಚಿಟ್ಟರೆ ಮಾರನೇ ಬೆಳಗ್ಗೆ ಮತ್ತೆ ಹಾಜರು.

ಪಾಪ, ಗೀಸರಿನದೇನೂ ತಪ್ಪಿಲ್ಲ. 15 ಲೀಟರ್ ಟ್ಯಾಂಕು, 2000 ವಾಟ್ ಕಾಯಿಲ್. ಒಳಗೆ ಬರುವ ನೀರು 28 ಡಿಗ್ರಿ ಇದ್ದರೆ 60ಕ್ಕೆ ಏರಲು ಸುಮಾರು 17 ನಿಮಿಷ. 18 ಡಿಗ್ರಿ ಇದ್ದರೆ 22 ನಿಮಿಷ. ಐದೇ ನಿಮಿಷ ತಾನೇ ಅನ್ನಬೇಡಿ, ಬೆಳಗಿನ ಐದು ನಿಮಿಷ ಅಂದರೆ ಬಸ್ಸು. ಥರ್ಮೋಸ್ಟಾಟ್ ತಿರುಗಿಸಿ 75ಕ್ಕೆ ಇಟ್ಟರೆ ಬೇಗ ಕಾಯುತ್ತದೆ ಅನ್ನುವವರಿದ್ದಾರೆ. ಕಾಯಿಲ್ ಅದೇ, ವೇಗವೂ ಅದೇ. ದೀಪ ಆರುವುದು ಇನ್ನಷ್ಟು ತಡವಾಗುತ್ತದೆ, ಅಷ್ಟೆ.

ನಿಜವಾದ ಏಟು ಬೀಳುವುದು ಬಕೆಟ್ಟಿನಲ್ಲಿ. 20 ಲೀಟರ್ ಬಕೆಟ್ಟು 40 ಡಿಗ್ರಿಯ ಹದಕ್ಕೆ ಬರಲು ಬೇಸಿಗೆಯಲ್ಲಿ ಏಳೂವರೆ ಲೀಟರ್ ಬಿಸಿನೀರು ಸಾಕು. ಒಂದು ಟ್ಯಾಂಕಿಗೆ ಎರಡು ಬಕೆಟ್ಟು, ಸಂಸಾರ ಸುಖವಾಗಿರುತ್ತದೆ. ಚಳಿಯಲ್ಲಿ ಅದೇ ಬಕೆಟ್ಟು ಹತ್ತೂವರೆ ಲೀಟರ್ ಕೇಳುತ್ತದೆ. ಎರಡನೆಯವರಿಗೆ ಉಳಿಯುವುದು ಉಗುರುಬೆಚ್ಚಗಿನ ಸಮಾಧಾನ.

ಮೊದಲು ಹೋಗುವವರು ಅಷ್ಟಕ್ಕೇ ಬಿಟ್ಟರೆ ಪುಣ್ಯ. ಅವರು ಒಳಗೆ ಹೋದವರೇ ಬಿಸಿನೀರಿನ ನಲ್ಲಿ ತಿರುಗಿಸಿ ತೋರುಬೆರಳು ಒಡ್ಡುತ್ತಾರೆ. ತಣ್ಣಗೆ! ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಮತ್ತೇನಾಗಿರಬೇಕು? ಅರ್ಧ ಇಂಚಿನ ಪೈಪು ಐದಾರು ಮೀಟರ್ ಇದ್ದರೆ ಒಂದು ಲೀಟರ್ ಅದರಲ್ಲೇ ಕೂತಿರುತ್ತದೆ. ಬಕೆಟ್ಟಿಗೆ ಹೇಗೂ ತಣ್ಣೀರು ಬೆರೆಸಬೇಕು, ಅದನ್ನೇ ಹಿಡಿದುಕೊಳ್ಳಬಹುದಲ್ಲ? ಇಲ್ಲ, ಮೋರಿಗೇ ಹೋಗಬೇಕು. ಅದು ಹೋಗುತ್ತಿರಲಿ ಎಂದು ಇವರು ಸೋಪು ಹುಡುಕಲು ಹೊರಗೆ ಬರುತ್ತಾರೆ. ಸೋಪು ಸಿಗುತ್ತದೆ, ಜೊತೆಗೆ ಪೇಪರಿನ ಒಂದು ಹೆಡ್ಡಿಂಗೂ ಸಿಗುತ್ತದೆ. ಅಷ್ಟರಲ್ಲಿ ಮೋರಿಗೆ ಭರ್ಜರಿ ಅಭ್ಯಂಜನ ಆಗಿರುತ್ತದೆ. ಆಮೇಲೆ ಬಕೆಟ್ಟು ತುಂಬಿಸಿ ಬೆರಳಿಟ್ಟರೆ, ಅಯ್ಯೋ ಸುಡುತ್ತೆ! ಎರಡು ಚೊಂಬು ಚೆಲ್ಲಿ ತಣ್ಣೀರು. ಥೂ, ಆರಿಹೋಯ್ತು! ಎರಡು ಚೊಂಬು ಚೆಲ್ಲಿ ಬಿಸಿನೀರು. ಇಷ್ಟಾದರೂ ಮೈಗಿನ್ನೂ ಒಂದು ಹನಿ ಬಿದ್ದಿರುವುದಿಲ್ಲ. ಕೊನೆಗೆ ಹಬೆಯೊಡನೆ ಹೊರಬಂದು, ‘ನೀರು ಚೆನ್ನಾಗಿ ಕಾದಿದೆ, ಬೇಗ ಹೋಗಿ’ ಅನ್ನುತ್ತಾರೆ. ಕಾದಿತ್ತು ಸ್ವಾಮಿ, ಕಾದಿತ್ತು.

ಮೊದಲು ಅರ್ಧ ಬಕೆಟ್ ತಣ್ಣೀರು, ಮೇಲೆ ಅರ್ಧ ಬಿಸಿನೀರು. ಚಳಿಯ ಹದ ಹೆಚ್ಚುಕಡಿಮೆ ಇಷ್ಟೇ. ಮಕ್ಕಳಿರುವ ಮನೆಯಲ್ಲಂತೂ ತಣ್ಣೀರೇ ಮೊದಲು ಬೀಳಬೇಕು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಬೊಬ್ಬೆ ಬರಿಸುತ್ತದೆ.

ಇಷ್ಟು ಬೈದ ಮೇಲೂ ಚಳಿಗೆ ಒಂದೆರಡು ಥ್ಯಾಂಕ್ಸ್ ಬಾಕಿ ಇದೆ. ಫ್ಯಾನು ಎರಡರಲ್ಲಿರಬೇಕೋ ನಾಲ್ಕರಲ್ಲೋ ಎಂಬ ಜಗಳ ತಿಂಗಳುಗಟ್ಟಲೆ ಬಂದ್. ಬೆವರಿಲ್ಲ, ನಿನ್ನೆಯ ಅಂಗಿ ಇವತ್ತಿಗೂ ನಡೆಯುತ್ತದೆ. (ಒಗೆದರೂ ಒಣಗುವುದಿಲ್ಲ, ಜೀನ್ಸಿನ ಜೇಬಂತೂ ಮೂರನೇ ದಿನವೂ ಹಸಿ. ಜೇಬು ಹೊರಗೆಳೆದು, ಒಳಮೈ ಮೇಲೆ ಮಾಡಿ ಹರವಿ ನೋಡಿ.) ಇನ್ನು ಬಿಸಿಲು. ಸೂರ್ಯ ವಾಲಿಕೊಂಡು ಸಾಗುವ ಈ ದಿನಗಳಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ನಡುವಿನವರೆಗೂ ಬರುತ್ತದೆ. ಮನೆಯ ಹಿರಿಯರು ಅದು ಸರಿದ ಹಾಗೆ ಕುರ್ಚಿ ಸರಿಸಿಕೊಳ್ಳುತ್ತ ಮಧ್ಯಾಹ್ನದ ತನಕ ಕೂರುತ್ತಾರೆ. ಯಾರೂ ಅವರನ್ನು ಏಳಿ ಅನ್ನುವುದಿಲ್ಲ. ಬೇಸಿಗೆ ಬಂತೆಂದರೆ ಸೂರ್ಯ ನೆತ್ತಿಗೇರಿ, ಬಿಸಿಲು ಕಿಟಕಿಯ ಆಚೆಯೇ ಉಳಿದುಬಿಡುತ್ತದೆ.

ಬೇಸಿಗೆಯಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಾಯಿಲಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಕಾಯುವಾಗ ಟಪಟಪ ಸದ್ದು ಬಂದರೆ ಸಾಮಾನ್ಯವಾಗಿ ಅದೇ ಕಾರಣ. ಟ್ಯಾಂಕು ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಕಡ್ಡಿಯನ್ನೂ ಆಗಲೇ ನೋಡಿಸಬೇಕು. ಮೆಕ್ಯಾನಿಕ್ ಆಗ ಕರೆದ ದಿನವೇ ಬರುತ್ತಾರೆ. ಆದರೆ ಗೀಸರಿನ ನೆನಪೇ ಬಾರದ ಕಾಲದಲ್ಲಿ ಕರೆಯುವವರು ಯಾರು? ಈಗ ಫೋನ್ ಮಾಡಿದರೆ ‘ಮುಂದಿನ ವಾರ ನೋಡೋಣ ಸಾರ್’. ಅವರ ಮನೆಯಲ್ಲೂ ಎರಡನೇ ಸ್ನಾನ ಯಾರದೋ!